ಪರದೆ ಬಟ್ಟೆಯ ಕುರ್ತಾ

ನಮ್ಮೂರಿನಲ್ಲಿ ಬಟ್ಟೆಗೆ ಮರೆವು ಇಲ್ಲ. ಯಾವ ಕೆಲಸಕ್ಕೆಂದು ನೇಯ್ದರೋ ಆ ಕೆಲಸವನ್ನು ಅದು ಕಡೆಯ ಎಳೆ ಹರಿಯುವವರೆಗೂ ಮಾಡುತ್ತದೆ. ಹಾಸಿಗೆಯ ಹೊದಿಕೆಯಲ್ಲಿ ಅಂಗಿ ಹೊಲಿಸಿಕೊಟ್ಟರೆ ಮಕ್ಕಳು ಮೊದಲನೆಯ ಪಿರಿಯಡ್ಡಿಗೇ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾರೆ. ಲುಂಗಿ ಬಟ್ಟೆಯ ಪ್ಯಾಂಟು ತೊಟ್ಟವರು ಮಾತಿನ ನಡುವೆ ಬಗ್ಗಿ, ಇಲ್ಲದ ಅಂಚನ್ನು ಹುಡುಕಿ, ಮೊಣಕಾಲಿಗೆ ಎತ್ತಿ ಕಟ್ಟಲು ನೋಡುತ್ತಾರೆ. ಹಾಲು ಸೋಸುವ ಬಟ್ಟೆಯ ರವಿಕೆ ತೊಟ್ಟ ಹೆಂಗಸಿಗೆ ಚಾಡಿ ಹೇಳಿ ಪ್ರಯೋಜನವಿಲ್ಲ. ಗಸಿಯೆಲ್ಲ ಹೊರಗೇ ಉಳಿಯುತ್ತದೆ. ಹಾಗಾಗಿ ನಮ್ಮ ದರ್ಜಿಗಳು ಅಳತೆ ಟೇಪು ಕೈಗೆತ್ತಿಕೊಳ್ಳುವ ಮೊದಲು, "ಇದು ಮೊದಲ ಏನಾಗಿತ್ತು?" ಎಂದು ಕೇಳುತ್ತಾರೆ. ಸುಳ್ಳು ಹೇಳಿದರೆ ಮುಂದಿನದಕ್ಕೆ ಅವರು ಹೊಣೆಯಲ್ಲ.

ಹೀಗೇಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ನನ್ನನ್ನು ಬೆಳೆಸಿದವಳು ಅಪ್ಪನ ತಾಯಿ. ನಾನು ಅವಳನ್ನು ಆಯಿ ಎನ್ನುತ್ತೇನೆ. ಅವಳ ಕಥೆಗಳಲ್ಲೂ ಬಟ್ಟೆಗಳು ಹೀಗೆಯೇ ನಡೆದುಕೊಳ್ಳುತ್ತಿದ್ದವು. ಒಬ್ಬ ಜಿಪುಣ ರಾಜ ಯುದ್ಧಕ್ಕೆ ಹೊರಟಾಗ ಹೊಸ ಬಾವುಟ ಯಾಕೆಂದು ತೊಟ್ಟಿಲಿನ ಬಟ್ಟೆಯನ್ನೇ ಕೋಲಿಗೆ ಕಟ್ಟಿಸಿದನಂತೆ. ಗಾಳಿ ಬೀಸಿತು, ಬಾವುಟ ತೂಗಿತು, ಎರಡೂ ಕಡೆಯ ಸೈನಿಕರು ಕತ್ತಿಗಳನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿಬಿಟ್ಟರಂತೆ. "ಯಾರು ಗೆದ್ರು ಆಯಿ?" ಎಂದು ಕೇಳಿದರೆ, "ಇನ್ನೂ ಎದ್ದಿಲ್ಲವ್ವಾ ಅವ್ರು, ಗದ್ದಲ ಮಾಡಬ್ಯಾಡ" ಎನ್ನುತ್ತಿದ್ದಳು. ಆ ಸೈನಿಕರು ಎಲ್ಲೋ ಬಯಲಿನಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ ಎಂದು ಎಷ್ಟೋ ವರ್ಷ ನಾನು ಮೆಲ್ಲಗೆ ಹೆಜ್ಜೆಯಿಡುತ್ತಿದ್ದೆ. ಈಗಲೂ ಬಯಲು ಕಂಡರೆ ಒಂದು ಕ್ಷಣ ಕಿವಿಗೊಡುತ್ತೇನೆ.

ಇಂಥ ನಾನು ನೀರಿನ ಕಂಪನಿಯ ಆಫೀಸು ಸೇರಿದೆ. ಹಿಂದಿನ ವರ್ಷ ಆ ಕಂಪನಿ ಎಲ್ಲಿಂದಲೋ ಬಂದು ನಮ್ಮೂರಿನ ನಲ್ಲಿಗಳನ್ನೆಲ್ಲ ವಹಿಸಿಕೊಂಡಿತ್ತು. ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ನಾವಿಬ್ಬರು: ನಾನು ಮತ್ತು ಗುರುಸಿದ್ದಣ್ಣ. ಅವನು ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಬಾಯಲ್ಲಿ ಸದಾ ತಂಬಾಕು. ನಮ್ಮ ಬೆನ್ನ ಹಿಂದಿನ ಕಪ್ಪು ಗಾಜಿನ ಕೋಣೆಯಲ್ಲಿ ನಿಹಾರಿಕಾ ಮೇಡಂ. ಅವರೂ ಕಂಪನಿಯ ಜೊತೆ ಹೊರಗಿನಿಂದ ಬಂದವರು. ಊರಿನವರ ಮುಂದೆ ಅವರು ಬರುತ್ತಿರಲಿಲ್ಲ. ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗುತ್ತಿದ್ದರು. ಶಾಕಾಂಬರಿ ಎಂಬ ನನ್ನ ಹೆಸರು ಉದ್ದವಾಯಿತೆಂದು ಮೊದಲ ದಿನವೇ ಅರ್ಧಕ್ಕೆ ಕತ್ತರಿಸಿದರು.

"ನೋಡು ಶಾಕಾ, ಸೂಟು ಹಾಕ್ಕೊಂಡು ಬನ್ನಿ ಅಂತ ನಾನು ಹೇಳಲ್ಲ. ಇಲ್ಲಿ ಬಿಸಿನೆಸ್ ಕ್ಯಾಶುವಲ್. ಬಟ್ಟೆ ಸಿಂಪಲ್ ಆಗಿರಲಿ, ಆದ್ರೆ ಡ್ರೆಸ್ ಅಪ್ ಮಾಡಿರಬೇಕು. ಮನೇಲಿರೋ ಹಾಗೂ ಕಾಣಬಾರದು, ಮದುವೆಗೆ ಹೊರಟ ಹಾಗೂ ಕಾಣಬಾರದು."

"ಮತ್ತೆ ಹೆಂಗೆ ಕಾಣಬೇಕು ಮೇಡಂ?"

"ಮಧ್ಯದಲ್ಲಿ."

ಆರು ತಿಂಗಳು ಈ ಮಧ್ಯವನ್ನು ಹುಡುಕಿದೆ. ಸಿಕ್ಕರೆ ಕೆಲಸ ಕಾಯಂ, ಇಲ್ಲವಾದರೆ ಮನೆ. ಹೊರಗಿನಿಂದ ಬರುವ ಮೂಕ ಬಟ್ಟೆ, ಅಂದರೆ ಯಾವ ನೆನಪೂ ಇಲ್ಲದ ಬಟ್ಟೆ, ಸೆಟ್ಟರ ಅಂಗಡಿಯಲ್ಲಿ ಸಿಗುತ್ತದೆ. ಅದರ ದರ ಕೇಳಿದ ಮೇಲೆ ನಾನು ಮನೆಗೆ ಬಂದು ಆಯಿಯ ಟ್ರಂಕು ತೆರೆದೆ. ಹೊಲಿಗೆ ನನಗೆ ಚೆನ್ನಾಗಿ ಬರುತ್ತದೆ. ಮೊದಲು ಸಿಕ್ಕಿದ್ದು ಮೈ ಒರೆಸುವ ನೀಲಿ ಚೌಕಳಿಯ ಪಂಜೆ. ಅದಕ್ಕೆ ನಿಲುವು ಕಾಲರು, ಕಪ್ಪು ಗುಂಡಿ, ಸೊಂಟದ ಹತ್ತಿರ ಎರಡು ಡಾರ್ಟು ಮಡಿಕೆ ಕೊಟ್ಟು ಕುರ್ತಾ ಮಾಡಿದೆ. ನೋಡಲು ಪೇಟೆಯ ಅಂಗಡಿಯ ಗಾಜಿನೊಳಗಿನ ಕುರ್ತಾದಂತೆಯೇ ಇತ್ತು. ಆದರೆ ಕೈ ತೊಳೆದು ಬಂದವರೆಲ್ಲ ಮಾತಾಡುತ್ತಾ ಆಡುತ್ತಾ ನನ್ನ ತೋಳಿಗೆ ಕೈ ಒರೆಸಿ ಹೋಗುತ್ತಿದ್ದರು. ಊಟದ ನಂತರ ಮೇಡಂ ಕೂಡ ಬಂದು ನನ್ನ ಬೆನ್ನಿಗೆ ಎರಡೂ ಅಂಗೈ ಒತ್ತಿ, "ಗುಡ್ ವರ್ಕ್" ಎಂದರು. ಹೊಗಳಿದರೋ ಒರೆಸಿದರೋ ತಿಳಿಯಲಿಲ್ಲ. ಆಮೇಲೆ ಬುತ್ತಿ ಕಟ್ಟುವ ಬಟ್ಟೆಯ ಜಾಕೆಟ್ಟು ಹೊಲಿದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಇಡೀ ಆಫೀಸಿಗೆ ಹಸಿವಾಗುತ್ತಿತ್ತು. "ತಂಗೀ, ನೀ ಅತ್ತಾಗ ಕುಂದ್ರು, ನಂಗ ಈಗಷ್ಟ ನಾಷ್ಟಾ ಆಗೈತಿ" ಎಂದು ಗುರುಸಿದ್ದಣ್ಣ ಬೇಡಿಕೊಂಡ.

ಕಡೆಗೆ ಆಯಿಯ ಹಳೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿದೆ. ಉಡುವುದಕ್ಕೆಂದೇ ನೇಯ್ದ ಬಟ್ಟೆ, ಆದ್ದರಿಂದ ತಂಟೆ ಕಡಿಮೆ. ಹಿರಿಯರು ಎದುರಾದಾಗ ಕೈ ತಾನೇ ತಲೆಯ ಮೇಲಿನ ಸೆರಗು ಹುಡುಕುತ್ತದೆ, ಅಷ್ಟೆ. ಕಾಲರಿಗೆ ಒಳಗಿನಿಂದ ಕ್ಯಾನ್ವಾಸು ಕೊಟ್ಟೆ, ಅಂಚಿನ ಪಟ್ಟಿಯನ್ನು ತೋಳಿನ ತುದಿಗೆ ಕೂಡಿಸಿದೆ, ಗಂಜಿ ಹಾಕಿ ಇಸ್ತ್ರಿ ಮಾಡಿದೆ. ಹೆಮ್ಮೆಯಿಂದ ಹೋದೆ. ಮಧ್ಯಾಹ್ನದ ಹೊತ್ತಿಗೆ ಗಂಜಿ ಸಡಿಲಾಗಿ ತೊಡೆಯ ಹತ್ತಿರ ನಾಲ್ಕು ಸುಕ್ಕು ಬಿದ್ದಿದ್ದವು.

"ಮುದ್ದೆಯಾಗಿದೆಯಲ್ಲ ಶಾಕಾ," ಎಂದರು ಮೇಡಂ. "ಜನ ಏನಂದ್ಕೋತಾರೆ?"

ಆಗ ಅವರು ತೊಟ್ಟಿದ್ದ ಅಂಗಿಯನ್ನು ನೀವು ನೋಡಬೇಕಿತ್ತು. ಹಿಂಡಿ ಹಾಗೆಯೇ ಬಿಟ್ಟ ಬಟ್ಟೆಯಂತೆ ಕುತ್ತಿಗೆಯಿಂದ ಸೊಂಟದವರೆಗೂ ಸುಕ್ಕು.

"ನಿಮ್ಮದೂ ಮುದ್ದಿ ಆಗೈತಲ್ಲ ಮೇಡಂ," ಎಂದೆ, ಒಳ್ಳೆಯ ಮನಸ್ಸಿನಿಂದಲೇ.

"ಇದು ಲಿನನ್. ಇದರ ಸ್ಟೈಲೇ ಹೀಗೆ."

ನನ್ನ ಸುಕ್ಕು ಸೋಮಾರಿತನ, ಅವರ ಸುಕ್ಕು ಸ್ಟೈಲು! ಮನೆಗೆ ಬಂದು ಇಸ್ತ್ರಿಪೆಟ್ಟಿಗೆಯನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಆಯಿ ಒಳಗಿನಿಂದ, "ಅದರ ಮ್ಯಾಲ ಯಾಕ ಸಿಟ್ಟು, ಪಾಪ ಅದೇನು ಮಾಡೈತಿ?" ಎಂದು ಕೇಳಿದಳು.

ಆ ದಿನಗಳಲ್ಲೇ ಕೆಳಗಿನ ಓಣಿಗಳ ನಲ್ಲಿಗಳಲ್ಲಿ ನೀರು ನಿಂತಿತು. ನಮ್ಮ ಮನೆ ಇರುವುದೂ ಅಲ್ಲಿಯೇ. ಕೆರೆಯ ತಳ ಕಂಡಿದೆ, ಇಡೀ ಊರಿಗೆ ಇದೇ ಗತಿ, ಸಹಕರಿಸಿ ಎಂದು ಕಂಪನಿ ಆಟೋದಲ್ಲಿ ಮೈಕು ಕಟ್ಟಿ ಸಾರಿಸಿತು. ಆಯಿ ಹೊಲದ ಬಾವಿಯಿಂದ ನೀರು ಹೊತ್ತು ಹೊತ್ತು ಮೊಣಕಾಲು ಊದಿಸಿಕೊಂಡಳು. ನಾನು ತರುತ್ತೇನೆಂದರೆ, "ನೀ ಆಫೀಸಿಗೆ ಬೆವತು ಹೋದ್ರ ನಿಮ್ಮ ಮೇಡಂ ಏನರೆ ಅಂದಾಳು" ಎನ್ನುತ್ತಿದ್ದಳು. ಪಕ್ಕದ ಮನೆಯ ಚೆನ್ನವ್ವನ ಸೊಸೆ ಹಡೆದು ಮಲಗಿದ್ದಳು. ಬಾಣಂತಿಗೆ ಎರೆಯಲು ನೀರಿಲ್ಲ, ಕೂಸಿನ ಬಟ್ಟೆ ಒಗೆಯಲು ನೀರಿಲ್ಲ. ಜನ ಕೌಂಟರಿಗೆ ಬಂದು ಬಡಿಯತೊಡಗಿದರು. ನಾವು ಬರೆದುಕೊಂಡೆವು. ಬರೆದುಕೊಂಡದ್ದನ್ನೆಲ್ಲ ಸಂಜೆ ಮೇಡಂ ಮೇಜಿನ ಮೇಲಿಟ್ಟೆವು. ಎಷ್ಟು ದೂರುಗಳಿವೆ ಎಂದು ಕಂಪನಿಯ ದೊಡ್ಡವರು ದಿನವೂ ಫೋನಿನಲ್ಲಿ ಕೇಳುತ್ತಾರೆಂದೂ, ಜಾಸ್ತಿ ಹೇಳಿದರೆ ಬೈಯುತ್ತಾರೆಂದೂ ಗಾಜಿನ ಕೋಣೆಯ ಧ್ವನಿಯಿಂದ ನಮಗೆ ತಿಳಿಯುತ್ತಿತ್ತು.

ಆಗ ಗುರುಸಿದ್ದಣ್ಣನ ಮನೆಯಲ್ಲಿ ಒಂದು ಎಡವಟ್ಟಾಯಿತು. ಅವನ ಹೆಂಡತಿ ಬಾಗಿಲಿನ ಪರದೆ ಬದಲಿಸುವಾಗ ಹಳೆಯದು ಇನ್ನೂ ಗಟ್ಟಿಯಾಗಿದೆಯೆಂದು ಅದರಲ್ಲೇ ಗಂಡನಿಗೊಂದು ಅಂಗಿ ಹೊಲಿದು, ಸೆಟ್ಟರ ಅಂಗಡಿಯದೆಂದು ಹೇಳಿಬಿಟ್ಟಳು. ನಮ್ಮೂರಿನಲ್ಲಿ ಪರದೆ ಬಟ್ಟೆಯನ್ನು ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಪರದೆಗೆ ಎರಡು ಮುಖ: ಒಂದು ಬೀದಿಯ ಕಡೆಗೆ, ಒಂದು ಮನೆಯ ಕಡೆಗೆ. ಮನೆಯೊಳಗಿನವರಿಗೆ ಎಲ್ಲವೂ ಕಾಣುತ್ತದೆ. ಬೀದಿಯವರಿಗೆ ಒಳಗಿನದೇನೂ ಕಾಣುವುದಿಲ್ಲ. ಆ ಅಂಗಿ ತೊಟ್ಟು ಕುಳಿತ ಗುರುಸಿದ್ದಣ್ಣ ನನಗೂ ಮೇಡಂಗೂ ಎಂದಿನಂತೆ ಕಾಣುತ್ತಿದ್ದ. ಕೌಂಟರಿನ ಆಚೆ ನಿಂತವರಿಗೆ ಮಾತ್ರ ಖಾಲಿ ಕುರ್ಚಿ. ಅವನ ಕಿಟಕಿಗೆ ಆ ದಿನ ಒಬ್ಬರೂ ಬರಲಿಲ್ಲ. ಅವನು ಶೇಂಗಾ ಸುಲಿಯುತ್ತಾ, "ಇವತ್ತ ಮಂದಿಗೆ ನನ್ನ ಮ್ಯಾಲ ಏನೋ ಕರುಣಾ ಬಂದೈತಿ" ಎಂದ. ಸಂಜೆ ಮೇಡಂ ಬಂದು ಅವನ ಕಡೆಯ ಖಾಲಿ ಟ್ರೇಯನ್ನು ನೋಡಿದರು, ಅವನನ್ನು ನೋಡಿದರು, ಅಂಗಿಯನ್ನು ಬಹಳ ಹೊತ್ತು ನೋಡಿದರು. ಊರಿನ ಬಟ್ಟೆಯ ವಿಚಾರ ಆ ಹೊತ್ತಿಗೆ ಅವರಿಗೂ ಅಷ್ಟಿಷ್ಟು ತಿಳಿದಿತ್ತು.

ಮರುದಿನ ಹಸಿರು ಎಲೆಗಳ ಚಿತ್ರವಿದ್ದ ಪರದೆ ಬಟ್ಟೆಯ ಒಂದು ಥಾನು ನನ್ನ ಮೇಜಿನ ಮೇಲಿತ್ತು.

"ನಿನಗೆ ಹೊಲಿಯೋಕೆ ಬರುತ್ತಲ್ಲ. ನಿನಗೊಂದು ಕುರ್ತಾ, ಅವರಿಗೆ ಎರಡು ಶರ್ಟು. ಲೋಕಲ್ ಹ್ಯಾಂಡ್‌ಲೂಮ್‌ಗೆ ನಾವು ಗೌರವ ಕೊಟ್ಟ ಹಾಗೂ ಆಯ್ತು."

"ಮೇಡಂ, ಇದು ಪರದಿ ಬಟ್ಟೆ ಐತ್ರಿ."

"ಗೊತ್ತು. ಕಾಲರ್ ಹಾಕಿ, ಒಳ್ಳೆ ಬಟನ್ ಹಾಕಿ ಡ್ರೆಸ್ ಅಪ್ ಮಾಡು. ಪರದೆ ಅಂತ ಯಾರಿಗೂ ಅನ್ನಿಸಬಾರದು."

"ಅನ್ನಿಸೋದು ಹೋಗಲ್ರಿ, ಜನರಿಗೆ ನಾವು ಕಾಣೋದೇ ಇಲ್ಲ."

"ಕಾಣದಿದ್ರೆ ಏನಾಯ್ತು? ನೀವು ಸೀಟಲ್ಲಿ ಇರ್ತೀರಲ್ಲ." ಅವರು ನಕ್ಕರು. "ಮುಂದಿನ ವಾರ ನಿನ್ನ ಪರ್ಮನೆಂಟ್ ಆರ್ಡರ್ ಬರುತ್ತೆ ಶಾಕಾ. ಸಣ್ಣ ಸಣ್ಣ ವಿಷಯಕ್ಕೆ ವಾದ ಮಾಡಬೇಡ."

ಹೊಲಿದೆ. ಆ ಕುರ್ತಾ ಎಷ್ಟು ಚೆನ್ನಾಗಿ ಬಂತೆಂದು ಹೇಳಲು ಈಗಲೂ ನನಗೆ ಹೊಟ್ಟೆಯುರಿಯುತ್ತದೆ. ಮುಂಭಾಗದ ಪಟ್ಟಿಯಲ್ಲಿ ಎಡಗಡೆಯ ಎಲೆಗೆ ಬಲಗಡೆಯ ಎಲೆ ಒಂದು ನೂಲೂ ತಪ್ಪದೆ ಕೂಡಿತ್ತು. ಮರದ ಗುಂಡಿಗಳಿಗೆ ಕೈಯಿಂದಲೇ ಕಾಜಾ ಹಾಕಿದ್ದೆ. ಭುಜಕ್ಕೆ ತೆಳುವಾದ ಪ್ಯಾಡು, ಬಗಲಿನ ಹೊಲಿಗೆಯಲ್ಲಿ ಅಡಗಿದ ಜೇಬು. ಗಂಜಿಯ ಹಂಗಿಲ್ಲದೆ ಬೀಳುವ ದಪ್ಪ ಬಟ್ಟೆ. ಸಂಜೆಯವರೆಗೂ ಒಂದು ಸುಕ್ಕು ಬೀಳಲಿಲ್ಲ. ಮೇಡಂ ನನ್ನನ್ನು ಸುತ್ತು ಹಾಕಿ ನೋಡಿ, "ಇದು ನೋಡು ಬಿಸಿನೆಸ್ ಕ್ಯಾಶುವಲ್!" ಎಂದು ಚಪ್ಪಾಳೆ ತಟ್ಟಿದರು. ಆರು ತಿಂಗಳು ಹುಡುಕಿದ ಮಧ್ಯ ಕಡೆಗೂ ಸಿಕ್ಕಿತ್ತು. ಅಲ್ಲಿ ನಾನೇ ಇರಲಿಲ್ಲ.

ಆಯಿಗೆ ಕಂಡರೆ ಬಟ್ಟೆಯನ್ನು ಗುರುತಿಸಿಬಿಡುತ್ತಾಳೆಂದು ಅದನ್ನು ಚೀಲದಲ್ಲಿ ಒಯ್ದು ಆಫೀಸಿನಲ್ಲೇ ಬದಲಿಸುತ್ತಿದ್ದೆ. ಜನ ಬರುತ್ತಿದ್ದರು. ಖಾಲಿ ಕುರ್ಚಿಗಳನ್ನು ನೋಡಿ, ಗಡಿಯಾರ ನೋಡಿ, ಊಟದ ಹೊತ್ತೇನೋ ಎಂದುಕೊಂಡು ಬೆಂಚಿನ ಮೇಲೆ ಕುಳಿತು, ಆಮೇಲೆ ಬೈಯುತ್ತಾ ಎದ್ದು ಹೋಗುತ್ತಿದ್ದರು. ನಾವು ಮಾತಾಡಿದರೆ ಅವರಿಗೆ ಎಲ್ಲೋ ಒಳಕೋಣೆಯಲ್ಲಿ ಗುಸುಗುಸು ಕೇಳಿದಂತೆ ಆಗುತ್ತಿತ್ತು. ಒಬ್ಬ ಮುದುಕ ನನ್ನ ಮೂಗಿನ ಮುಂದೆಯೇ ಕೈಯೊಡ್ಡಿ, ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು, ಅಂಗೈ ಮೇಲೆ ಏನೋ ಗೀಚಿ ನೋಡಿ ವಾಪಸ್ಸಿಟ್ಟು ಹೋದ. ದೂರುಗಳ ಟ್ರೇ ಖಾಲಿ. ಗಾಜಿನ ಕೋಣೆಯಿಂದ ಈಗ ನಗು ಕೇಳುತ್ತಿತ್ತು.

ಮನೆಯಲ್ಲಿ ಆಯಿ ದಿನವೂ ಕೇಳುತ್ತಿದ್ದಳು, "ನಮ್ಮ ಓಣಿದು ಬರಕೊಂಡೀಯಿಲ್ಲೋ?" ಯಾರೂ ಬಂದು ಹೇಳದೆ ಬರೆದುಕೊಳ್ಳುವಂತಿಲ್ಲ ಎಂದೆ. ಅದು ಆಫೀಸಿನ ನಿಯಮವೇ. ಆಯಿ ಅದನ್ನು ನೇರವಾಗಿ ಓಣಿಯವರಿಗೆ ತಲುಪಿಸಿದಳು. ನಮ್ಮ ಶಾಕಿ ಅಲ್ಲಿಯೇ ಕೂರುತ್ತಾಳೆ, ನಡೆಯಿರಿ, ನಾನೂ ಬರುತ್ತೇನೆ ಎಂದು ಏಳೆಂಟು ಹೆಂಗಸರನ್ನು ಕರೆದುಕೊಂಡು, ಸಾಕ್ಷಿಗೆಂದು ಖಾಲಿ ಕೊಡಗಳನ್ನೂ ಹೊರಿಸಿಕೊಂಡು ಒಂದು ದಿನ ಬಂದೇಬಿಟ್ಟಳು.

ಬಂದರೂ ನಾನು ಕಾಣುವುದಿಲ್ಲವೆಂದು ಹೇಳುವುದನ್ನು ಮರೆತಿದ್ದೆನೇ? ಇಲ್ಲ. ಹೇಳಲು ಬಾಯಿ ಬಂದಿರಲಿಲ್ಲ.

ಆಯಿ ಕೌಂಟರಿಗೆ ಎರಡೂ ಮೊಣಕೈ ಊರಿ ನನ್ನ ಮುಖಕ್ಕೆ ನೇರವಾಗಿ ನೋಡಿದಳು. ಅವಳ ಮೂಗುಬೊಟ್ಟಿನ ಪಕ್ಕದ ನರೂಲಿಗಳನ್ನೂ ಎಣಿಸಬಹುದಾದಷ್ಟು ಹತ್ತಿರ. ಅವಳ ಕಣ್ಣು ನನ್ನನ್ನು ದಾಟಿ ಹಿಂದಿನ ಗೋಡೆಗೆ ಹೋಯಿತು.

"ಯಾರೂ ಇಲ್ಲಲ್ಲ ಇಲ್ಲಿ?" ಎಂದಳು ಚೆನ್ನವ್ವ.

"ಉಣ್ಣಾಕ ಹೋಗಿರಬೇಕು. ಬರ್ತಾಳ ತಡಿ."

"ಆಯಿ!" ಎಂದೆ. "ಆಯಿ, ನಾ ಇಲ್ಲೇ ಅದೀನಿ!"

"ಒಳಗ ಯಾರೋ ಮಾತಾಡಿದ್ಹಂಗ ಆತು," ಎಂದು ಆಯಿ ಕಿವಿಯ ಹಿಂದೆ ಕೈಯಿಟ್ಟುಕೊಂಡಳು. ನಾನು ಕೈ ಚಾಚಿ ಅವಳ ಕೈ ಹಿಡಿದೆ. ಗಾಳಿಗೆ ಹಾರಿ ಬಂದ ಪರದೆಯನ್ನು ಸರಿಸುವಂತೆ, ನೋಡದೆಯೇ, ಅವಳು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

ನನ್ನ ಸೀರೆಯ ಕುರ್ತಾ ಒಳಗೆ ಚೀಲದಲ್ಲಿತ್ತು. ಏಳಲು ಹೋದೆ. ಹಿಂದೆ ಕೋಣೆಯ ಬಾಗಿಲ ಮರೆಯಲ್ಲಿ ಮೇಡಂ ನಿಂತಿದ್ದರು.

"ಸೀಟ್ ಬಿಡಬೇಡ. ಆರ್ಡರ್ ನಾಳೆ ಬರ್ತಾ ಇದೆ, ಇವತ್ತೇ ಹಾಳು ಮಾಡ್ಕೋಬೇಡ."

"ಅವರು ನಮ್ಮ ಆಯಿ, ಮೇಡಂ."

"ಹಾಗಾದ್ರೆ ಮನೇಲಿ ಮಾತಾಡು."

ಕುಳಿತೆ. ಮಧ್ಯಾಹ್ನವಾಯಿತು, ಬಿಸಿಲು ಬೆಂಚಿನವರೆಗೆ ಬಂತು. ಹೆಂಗಸರು ಕೊಡಗಳ ಮೇಲೆ ಕೈಯೂರಿ ಕುಳಿತಿದ್ದರು. ಚೆನ್ನವ್ವನಿಗೆ ಸಹನೆ ಮುಗಿಯಿತು.

"ಏನವಾ, ಆಫೀಸಿಗೆ ಹೋಗ್ತೀನಿ ಅಂತ ದಿನಾ ಪೌಡರ್ ಹಚ್ಚಿಕೊಂಡು ಹೊಂಡ್ತಾಳಲ್ಲ ನಿನ್ನ ಮೊಮ್ಮಗಳು, ಎಲ್ಲಿಗ್ಹೋಗ್ತಾಳೋ ಏನ ಕತಿನೋ!"

ಒಬ್ಬಿಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕರು.

"ನಾಲಿಗಿ ಹಿಡದು ಮಾತಾಡ, ಚೆನ್ನೀ," ಎಂದಳು ಆಯಿ. "ನನ್ನ ಹುಡುಗಿ ಇಲ್ಲೇ ಕುಂದರತೀನಿ ಅಂದ್ರ ಇಲ್ಲೇ ಕುಂದರತಾಳ."

"ಮತ್ತ ತೋರ್ಸು!"

ಆಯಿ ಮತ್ತೊಮ್ಮೆ ಎದ್ದು ಬಂದು ಕೌಂಟರಿನೊಳಗೆ ಇಣುಕಿದಳು. ಊದಿದ ಕಾಲಿನ ಮೇಲೆ ಭಾರ ಬೀಳದಂತೆ ಒಂದು ಕೈಯಿಂದ ಗೋಡೆ ಹಿಡಿದಿದ್ದಳು. ನಾನು ಅವಳ ಮುಂದೆ ಕುಳಿತೇ ಇದ್ದೆ. ನನ್ನ ಕುರ್ತಾಕ್ಕೆ ಒಂದು ಸುಕ್ಕೂ ಬಿದ್ದಿರಲಿಲ್ಲ. ಆಯಿ ವಾಪಸ್ಸು ಹೋಗಿ ಕೊಡ ಎತ್ತಿಕೊಂಡಳು.

ಸಂಜೆ ಮನೆಯಲ್ಲಿ ಅವಳು ನನ್ನನ್ನು ಕೇಳಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಚೀಲದಿಂದ ಹಸಿರು ಕುರ್ತಾ ತೆಗೆದು ಅವಳ ತೊಡೆಯ ಮೇಲಿಟ್ಟೆ. ಆಯಿ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದಳು. ಅವಳ ಮುಖ ಬದಲಾಯಿತು.

"ಪರದಿ," ಎಂದಳು. "ನನ್ನ ಎದುರಿಗೇ ಕುಂತಿದ್ದೇನು ನೀ?"

"ಹೂಂ."

"ಚೆನ್ನಿ ಅಂದಿದ್ದೆಲ್ಲಾ ಕೇಳಿದೇನು?"

"ಹೂಂ ಆಯಿ."

ಬೈಯುತ್ತಾಳೆಂದು ಕಾದೆ. ಅವಳು ಕುರ್ತಾವನ್ನು ದೀಪದ ಹತ್ತಿರ ಹಿಡಿದು, "ಕಾಜಾ ಚಂದ ಹಾಕೀದಿ," ಎಂದಳು. ಆಮೇಲೆ ಒಂದೇ ಸಮನೆ ಶುರುವಾಯಿತು. "ಮನಿಗೆ ಪರದಿ ಯಾಕ ಕಟ್ತೀವಿ? ಉಂಡ್ವೋ ಬಿಟ್ಟ್ವೋ, ಹರಕ ಉಟ್ಟ್ವೋ, ಬೀದ್ಯಾಗಿನ ಮಂದಿ ನೋಡಬಾರದಂತ. ಅದು ನಮ್ಮ ಮರ್ಯಾದಿ. ಇವ್ರು ಯಾವ ಮರ್ಯಾದಿಗೆ ಕಟ್ಟ್ಯಾರ? ಬಾಣಂತಿ ಮನ್ಯಾಗ ನೀರಿಲ್ಲ ಅಂತ ಕೇಳಾಕ ಬಂದ್ರ, ಕೇಳಾವ್ರೇ ಇಲ್ಲಂತ ಮಾಡ್ಯಾರ! ಅದೂ ಯಾರ ಕೈಲೆ ಹೊಲಿಸ್ಯಾರ? ನನ್ನ ಮೊಮ್ಮಗಳ ಕೈಲೆ!"

"ತೊಡಾಕಿಲ್ಲ ಅಂದ್ರ ಕೆಲಸ ಹೋಗ್ತೈತಿ ಆಯಿ."

"ತೊಡಬ್ಯಾಡ ಅಂತ ನಾ ಎಲ್ಲಿ ಅಂದೆ?" ಎಂದು ಅವಳು ಸಿಟ್ಟಿನಿಂದ ಕುರ್ತಾವನ್ನು ನನ್ನ ಮೇಲೆ ಎಸೆದಳು. "ನಾ ನಾಳೆನೂ ಬರ್ತೀನಿ. ನನಗ ಕಂಡ್ರ ಕಾಣು, ಬಿಟ್ರ ಬಿಡು."

ಬೆಳಿಗ್ಗೆ ಆಫೀಸಿನ ಬಚ್ಚಲಿನಲ್ಲಿ ಆ ಕುರ್ತಾ ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಅಷ್ಟು ಅಂದವಾಗಿ ಕೂಡಿದ ಎಲೆಗಳು. ಬೀದಿಯ ಮುಖ ಹೊರಗೆ, ಮನೆಯ ಮುಖ ಒಳಗೆ. ಹಾಗೇ ನೋಡುತ್ತಾ ಅದನ್ನು ತಿರುವಿಹಾಕಿದೆ. ಒಳಮೈ ಹೊರಬಂತು: ಮಾಸಿದ ಹಸಿರು, ದಡಿ ಹೊಲಿಗೆ, ಕಾಲರಿನ ಕ್ಯಾನ್ವಾಸು, ಪ್ಯಾಡಿನ ಹತ್ತಿ, ಹಾಸ್ಯಕ್ಕೆ ನಾಲಗೆ ಚಾಚಿದಂತೆ ಬಗಲಿನಲ್ಲಿ ಜೋತ ಜೇಬು, ಎಲ್ಲ ಕಡೆಯೂ ನೂಲಿನ ತುದಿಗಳು. ಗುಂಡಿಗಳನ್ನು ಒಳಗಿನಿಂದ ಹಾಕಿಕೊಳ್ಳುವಷ್ಟರಲ್ಲಿ ಬೆರಳು ನೋವಾದವು. ಹೀಗೇ ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ.

ಮೇಡಂ ಗಾಜಿನ ಕೋಣೆಯಿಂದ ಹೊರಬಂದು ನನ್ನ ಕುರ್ಚಿಯ ಕಡೆ ನೋಡಿದರು. "ಗುರುಸಿದ್ದಪ್ಪ, ಶಾಕಾ ಬಂದಿಲ್ವಾ? ಇವತ್ತೇ ಆರ್ಡರ್ ಕೊಡಬೇಕು ಅಂದ್ರೆ ಇವತ್ತೇ ಲೇಟಾ!" ಎಂದು ಒಳಗೆ ಹೋದರು.

ಗುರುಸಿದ್ದಣ್ಣ ಅತ್ತಿತ್ತ ನೋಡಿದ. ಅವನೂ ಒಳಗಿನವನೇ, ಅವನಿಗೂ ನಾನು ಕಾಣುತ್ತಿರಲಿಲ್ಲ. "ತಂಗೀ, ಎಲ್ಲದೀ?"

"ನಿಮ್ಮ ಬಗಲಾಗ ಅದೀನಿ ಅಣ್ಣಾ. ತಿರುವಿ ಹಾಕ್ಕೊಂಡೀನಿ," ಎಂದು ಅವನ ಕಿವಿಗೇ ಬಾಯಿಟ್ಟು ಹೇಳಿದೆ.

ಅವನು ಸ್ವಲ್ಪ ಹೊತ್ತು ತಂಬಾಕು ಅಗಿದ. ಅವನಿಗೆ ಮೂರು ಜನ ಮಕ್ಕಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಬಂದ. ಅವನ ಅಂಗಿಯ ಹೊಲಿಗೆಗಳೂ ಹೊರಗಿದ್ದವು, ಈಗ ಇಬ್ಬರೂ ಬೀದಿಯ ಕಡೆಯವರೇ ಆಗಿ ಒಬ್ಬರಿಗೊಬ್ಬರು ಕಾಣುತ್ತಿದ್ದೆವು. "ಕಿಸೆ ಒಳಗ ಹೋತಲ್ಲವಾ," ಎಂದು ಗೊಣಗಿದ. "ತಂಬಾಕದ ಚೀಲ ಎಲ್ಲಿ ಇಟ್ಗೊಳ್ಳಲಿ ಈಗ?"

ಬಾಗಿಲು ತೆರೆಯಿತು. ಆಯಿ ಕುಂಟುತ್ತಾ ಮೊದಲು ಬಂದಳು, ಹಿಂದೆ ನಿನ್ನೆಗಿಂತ ಹೆಚ್ಚು ಹೆಂಗಸರು, ಕೊಡಗಳು. ಕೌಂಟರಿನಿಂದ ನಾಲ್ಕು ಮಾರು ದೂರದಲ್ಲೇ ಆಯಿ ನಿಂತಳು. ಅವಳ ಕಣ್ಣು ಈ ಸಲ ಗೋಡೆಗೆ ಹೋಗಲಿಲ್ಲ.

"ಚೆನ್ನೀ," ಎಂದಳು, ನನ್ನ ಮೇಲಿನ ಕಣ್ಣು ಕೀಳದೆ. "ನೋಡ ಹಂಗಾರ. ಯಾರದಾರ ನೋಡ ಅಲ್ಲಿ."

ಚೆನ್ನವ್ವ ನೋಡಿದಳು. "ಇದ್ಯಾಕವಾ ಶಾಕಿ, ಅಂಗಿ ತಿರುವ್ಯಾಕ ಹಾಕ್ಕೊಂಡೀ?"

"ನೀರಿಂದು ಹೇಳು ಚೆನ್ನವ್ವಾ," ಎಂದೆ. ಪೆನ್ನು ಕೈಗೆತ್ತಿಕೊಂಡೆ. "ಮೊದಲ ಅದನ್ನ ಹೇಳು."

ಹೇಳಿದಳು. ಒಬ್ಬೊಬ್ಬರಾಗಿ ಎಲ್ಲರೂ ಹೇಳತೊಡಗಿದರು. ನಾನೂ ಗುರುಸಿದ್ದಣ್ಣನೂ ತಲೆಯೆತ್ತದೆ ಬರೆದುಕೊಂಡೆವು. ಹೆಸರು, ಓಣಿ, ನಲ್ಲಿ ಯಾವಾಗಿನಿಂದ ಒಣಗಿದೆ. ಸುದ್ದಿ ಹೊರಗೆ ಹೋಗಿರಬೇಕು. ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿಯಿತು. ಆಯಿ ಮೊದಲು ಬಂದವಳಾದರೂ ತಾನು ಹೇಳದೆ, ಹೇಳಿ ಮುಗಿಸಿದ ಚೆನ್ನವ್ವನ ಜೊತೆ ಬಾಗಿಲ ಕಡೆ ಮುಖ ಮಾಡಿ ನಿಂತು ಸಾಲು ನೋಡಿಕೊಳ್ಳುತ್ತಿದ್ದಳು.

ಗದ್ದಲ ಕೇಳಿ ಮೇಡಂ ಬಂದರು. ಅವರಿಗೆ ಕಂಡದ್ದು ಖಾಲಿ ಕುರ್ಚಿಗಳು, ಗಾಳಿಯಲ್ಲಿ ಓಡುವ ಎರಡು ಪೆನ್ನುಗಳು, ಯಾರಿಗೋ ಕೈ ಮಾಡಿ ಮಾತಾಡುವ ಹೆಂಗಸರು.

"ಏನಿದು? ಯಾರ ಹತ್ರ ಮಾತಾಡ್ತಿದ್ದೀರಾ?"

"ಕಣ್ಣಿಗೇನಾಗೈತ್ರಿ ನಿಮಗ?" ಎಂದಳು ಸಾಲಿನಲ್ಲಿದ್ದ ಒಬ್ಬಳು. "ಹುಡುಗಿ ಇಲ್ಲೇ ಕುಂತಾಳಲ್ಲ!"

ಮೇಡಂ ನನ್ನ ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸಿದರು. ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ಅವರು ಬುದ್ಧಿವಂತರು, ತಡವಾಗಿಯಾದರೂ ಹೊಳೆಯಿತು. ಮೊದಲ ಸಲ ಅವರು ಕೌಂಟರಿನ ಹಲಗೆ ಎತ್ತಿ ಜನರಿರುವ ಕಡೆಗೆ ಬಂದರು. ಅಲ್ಲಿಂದ ತಿರುಗಿ ನೋಡಿದಾಗ ನಾನು ಕಂಡೆ: ದಡಿ ಹೊಲಿಗೆ, ನೂಲು, ಜೋತ ಜೇಬು ಸಮೇತ.

"ಶಾಕಾ! ಏನಿದು ಅವತಾರ? ಎದ್ದು ಬಾ ಇಲ್ಲಿ!"

ಅವರು ಮುಂದೆ ನುಗ್ಗಲು ನೋಡಿದರು. ಆಯಿ ಅವರ ತೋಳು ಹಿಡಿದಳು. ಗಾಜಿನ ಕೋಣೆಯೊಳಗೇ ಇರುವ ಮೇಡಂರನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಯಾರೋ ಅವಸರದ ಹೆಂಗಸೆಂದು ಆಯಿ ಅಂದುಕೊಂಡಳು.

"ಎಲ್ಲಾರೂ ಸಾಲಿನಾಗ ಬಂದೇವಿ ಯವ್ವಾ. ನೀನೂ ಹಿಂದ ನಿಂದ್ರು."

"ನಾನು ಯಾರು ಗೊತ್ತಾ?"

"ಯಾರರೆ ಆಗು, ನೀರಿಲ್ಲದವ್ರೇ ಹೌದಿಲ್ಲೋ," ಎಂದಳು ಚೆನ್ನವ್ವ. ಮೇಡಂ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಲೊಚಗುಟ್ಟಿದಳು. "ಪಾಪ, ಒಗದು ಇಸ್ತ್ರಿ ಮಾಡಾಕ ಹನಿ ನೀರಿಲ್ಲ ಕಾಣತೈತಿ, ಹೆಂಗ ಮುದ್ದಿ ಆಗೈತಿ ನೋಡ. ಬಾ, ಇವ್ರ ಹಿಂದ ನಿಂದ್ರು. ಹುಡುಗಿ ಛಲೋ ಐತಿ, ಎಲ್ಲಾರದೂ ಬರಕೋತೈತಿ."

ವಾಪಸ್ಸು ಒಳಗೆ ಹೋದರೆ ನಾನು ಕಾಣುವುದಿಲ್ಲ. ಮುಂದೆ ಬರಲು ಇಷ್ಟು ಹೆಂಗಸರು ಬಿಡುವುದಿಲ್ಲ. ಮೇಡಂ ನಿಂತರು. ಅವರ ಮುಂದೆ ಒಬ್ಬಳು ಕೂಸಿನ ಹೇಲುಬಟ್ಟೆಗಳ ಲೆಕ್ಕ ಹೇಳಿದಳು, ಇನ್ನೊಬ್ಬಳು ಹೋಟೆಲಿಗೆ ಬೀಗ ಹಾಕಿದ್ದನ್ನು ಹೇಳಿದಳು, ಮತ್ತೊಬ್ಬಳು ಮುಟ್ಟಿನ ದಿನಗಳ ಪಾಡನ್ನು ಗುರುಸಿದ್ದಣ್ಣನಿಗೆ ಕೇಳಿಸದಂತೆ ನನಗೊಬ್ಬಳಿಗೇ ಬಗ್ಗಿ ಹೇಳಿದಳು. ಎಲ್ಲವನ್ನೂ ಮೇಡಂ ನಿಂತು ಕೇಳಬೇಕಾಯಿತು. ಕಡೆಗೆ ಕೌಂಟರು ತಲುಪಿದಾಗ ಅವರ ಮುಖ ಕೆಂಪಾಗಿತ್ತು.

"ನಿನ್ನ ಕೆಲಸ ಹೋಯ್ತು. ಗೊತ್ತಾಯ್ತಾ? ಈಗ, ಈ ಕ್ಷಣಕ್ಕೆ."

"ಗೊತ್ತಾಯ್ತು ಮೇಡಂ," ಎಂದೆ. ಪೆನ್ನು ಕೆಳಗಿಡಲಿಲ್ಲ. "ಸಾಲಿನಲ್ಲಿ ಬಂದಿದ್ದೀರಿ, ನಿಮ್ಮದೂ ಬರೆದುಕೊಳ್ಳಬೇಕು. ಮನೆ ಎಲ್ಲಿ?"

"ಏನು?"

"ಹೇಳ ಯವ್ವಾ, ಹೆದರಬ್ಯಾಡ," ಎಂದು ಹಿಂದಿನಿಂದ ಯಾರೋ ಧೈರ್ಯ ಹೇಳಿದರು.

"ಮನೆ ಎಲ್ಲಿ ಮೇಡಂ? ನಲ್ಲಿ ಯಾವಾಗಿನಿಂದ ನಿಂತಿದೆ?"

"ನನಗ್ಯಾವ ಕಂಪ್ಲೇಂಟೂ ಇಲ್ಲ!" ಅವರು ಕೌಂಟರಿಗೆ ಗುದ್ದಿದರು. "ನಾನಿರೋದು ಮೇಲಿನ ಬಡಾವಣೆಯಲ್ಲಿ, ನಮ್ಮನೇಲಿ ಇಡೀ ದಿನ ನೀರು ಬರುತ್ತೆ!"

ಹೇಳಿದ ಮೇಲೆ ಅವರಿಗೇ ಕೇಳಿಸಿತು.

ಮೆಟ್ಟಿಲ ಮೇಲಿದ್ದವರು, "ಏನಂದ್ಲು, ಏನಂದ್ಲು?" ಎಂದು ಕೇಳಿದರು. ಮಾತು ಒಬ್ಬರಿಂದ ಒಬ್ಬರಿಗೆ ಸಾಲಿನುದ್ದಕ್ಕೂ ಹಿಂದಕ್ಕೆ ಹೋಯಿತು: ಇಡೀ ದಿನ ಅಂತ, ಮೇಲಿನ ಬಡಾವಣಿ ಅಂತ.

"ಕೆರಿ ಒಣಗೈತಿ ಅಂತ ಮೈಕಿನಾಗ ಒದರಿದ್ರಲ್ಲ," ಎಂದಳು ಚೆನ್ನವ್ವ ಮೆಲ್ಲಗೆ.

ಆಯಿ ಬಗ್ಗಿ ತನ್ನ ಕೊಡ ಎತ್ತಿಕೊಂಡಳು. ಅದನ್ನು ನೋಡಿ ಚೆನ್ನವ್ವ ಎತ್ತಿಕೊಂಡಳು, ಆಮೇಲೆ ಎಲ್ಲರೂ. ಕೊಡಗಳು ಒಂದಕ್ಕೊಂದು ತಗುಲುವ ಸದ್ದು ಮೆಟ್ಟಿಲಿನವರೆಗೂ ಹೋಯಿತು. ನನ್ನ ಹತ್ತಿರ ಕೊಡವಿರಲಿಲ್ಲ. ಮೂಲೆಯಲ್ಲಿದ್ದ ಆಫೀಸಿನ ನೀರಿನ ಕ್ಯಾನು ಖಾಲಿಯಾಗಿತ್ತು. ಅದನ್ನು ಸೊಂಟಕ್ಕಿಟ್ಟುಕೊಂಡು ಹಲಗೆ ಎತ್ತಿ ಆಚೆ ಬಂದೆ. ಹಿಂದೆ ಗುರುಸಿದ್ದಣ್ಣ ಕುರ್ಚಿ ಸರಿಸಿದ್ದು ಕೇಳಿಸಿತು. ಮೇಡಂ ಕೌಂಟರಿಗೆ ಬೆನ್ನು ಕೊಟ್ಟು ನಿಂತಿದ್ದರು. ಅಷ್ಟೂ ಜನರಿಗೆ ಅವರು ನಿಚ್ಚಳವಾಗಿ ಕಾಣುತ್ತಿದ್ದರು.

ಆಯಿ ಅವರ ಸುಕ್ಕುಗಟ್ಟಿದ ತೋಳನ್ನು ಮತ್ತೆ ಹಿಡಿದಳು, ಈ ಸಲ ಮೆತ್ತಗೆ.

"ಬಾ ಯವ್ವಾ," ಎಂದಳು. "ನಮಗ ನಿಮ್ಮ ಮನಿ ದಾರಿ ಗೊತ್ತಿಲ್ಲ. ಈಗ ನೀ ಸಾಲಿನ ಮುಂದ ನಿಂದ್ರು."